ಕೊನೆಗೆಂದು ತೆಗೆದಿರಿಸಿದ ವಾದ

ಮಗಳೇ,

ಇಂದು ತೀರ್ಪು ಬಂತು. ನೀನು ತೀರಿಕೊಂಡು ಎರಡು ವರ್ಷವಾದರೂ ನಿನ್ನ ಹೊಲಿಗೆ ಯಂತ್ರ ಕದಲದೆ ನಿಂತಿರುವ ಮಹಡಿಯ ಕೋಣೆ ನಿನ್ನ ಚಿಕ್ಕಪ್ಪನ ಪಾಲಾಯಿತು.

ಇಪ್ಪತ್ತು ವರ್ಷಗಳಿಂದ ಆ ಕೋಣೆ ಅವನ ಕಣ್ಣೆದುರಿಗೇ, ತಕರಾರಿಲ್ಲದೆ ನಮ್ಮ ಸ್ವಾಧೀನದಲ್ಲಿತ್ತು, ಹಾಗಾಗಿ ಹಕ್ಕು ನಮ್ಮದೇ ಎಂಬುದೇ ನಮ್ಮ ಬಲವಾದ ವಾದ. ಅದನ್ನು ನಾನು ಕೊನೆಯ ದಿನಕ್ಕೆಂದು ತೆಗೆದಿರಿಸಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್‌ಗಳನ್ನು ನಾನು ಗೆದ್ದದ್ದೇ ಹಾಗೆ. ಅವನು ಹೂಡಿದ ದಾವೆಗೆ ಉತ್ತರ ಸಿದ್ಧಪಡಿಸುವಾಗಲೇ ನೀನು ಹೇಳಿದ್ದೆ: "ಅಪ್ಪಾ, ಕೋರ್ಟಲ್ಲಿ ಯಾರೂ ಚಪ್ಪಾಳೆ ತಟ್ಟಲ್ಲ. ಈಗಲೇ ಬರೆದುಬಿಡಿ." "ನನಗೆ ವಾದ ಕಲಿಸಬೇಡ" ಎಂದು ನಿನ್ನ ಬಾಯಿ ಮುಚ್ಚಿಸಿದ್ದೆ.

ಮೊದಲ ಉತ್ತರದಲ್ಲಿ ಎತ್ತದ ವಾದವನ್ನು ಪರಿಗಣಿಸಲಾಗದೆಂದು ನ್ಯಾಯಾಧೀಶರು ಓದಿದರು. ಹೊರಗೆ ನಿನ್ನ ಚಿಕ್ಕಪ್ಪ ನಕ್ಕ: "ಏನಣ್ಣಾ, ಈ ಸಲ ಕಪ್ ನನಗೇ ಬಂತಲ್ಲ?"

"ಕೋಣೆಯ ಬೀಗದ ಕೈ ಇನ್ನೂ ನಿನಗೆ ಬಂದಿಲ್ಲ" ಎಂದೆ.

ಮೇಲ್ಮನವಿ ಸಲ್ಲಿಸುತ್ತೇನೆ. ಈ ವಾದವನ್ನು ನನ್ನ ಮಗಳು ಸಕಾಲದಲ್ಲೇ ಸೂಚಿಸಿದ್ದಳು, ತಡೆದವನು ನಾನು ಎಂದು ಅದರ ಮೊದಲ ಪುಟದಲ್ಲೇ ಬರೆಯಲು ವಕೀಲರಿಗೆ ಹೇಳಿದೆ.

"ಸರ್, ಇದರಿಂದ ಕೇಸಿಗೆ ಉಪಯೋಗವಿಲ್ಲ, ತೊಂದರೆಯೇ ಜಾಸ್ತಿ" ಎಂದರು.

"ಗೊತ್ತು. ಬರೆಯಿರಿ" ಎಂದೆ.