ಚೌಡಣ್ಣನ ಬೋರಿನ ಖಾಜಾಬೀ

ಹರಪನಹಳ್ಳಿ
9 ಫೆಬ್ರವರಿ 2025

ಮಗಳೇ ಕಹಕಶಾ,

ನಿನ್ನ ಪತ್ರ ಬಂದ ಮೇಲೆ ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಉತ್ತರ ಬರೆಯದ ಈ ಶಾಂತಕ್ಕನ ಮೇಲೆ ಸಿಟ್ಟಾಗಿದ್ದರೆ ಆಗು, ನಾನು ಬೇಡವೆನ್ನುವುದಿಲ್ಲ. ಕೂತಾಗಲೆಲ್ಲ ಬರೆದೆ, ಬರೆದಾಗಲೆಲ್ಲ ಹರಿದೆ. ಫೋನು ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಸುಳ್ಳು ಹೇಳಿಬಿಡುತ್ತೇನೆಂಬ ಭಯಕ್ಕೆ ಮಾಡಲಿಲ್ಲ. ರಾಯಚೂರಿನ ಬಿಸಿಲಲ್ಲಿ ಪಾಲಿಟೆಕ್ನಿಕ್ಕಿನ ಪಾಠ ಹೇಗೆ ನಡೆದಿದೆ? ಇಲ್ಲಿ ನಿಮ್ಮ ಅಬ್ಬಾ ಅಕ್ರಂ ಸಾಬರ ಮಂಡಿನೋವು ಕಡಿಮೆಯಾಗಿದೆ. ನಿನ್ನ ದಾದಿ, ಅಬ್ಬಾನ ತಾಯಿ ಖಾಜಾಬೀ, ಈಗಲೂ ಅಂಗಡಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಹೋಗಿ ಬರುವವರನ್ನೆಲ್ಲ ಬೈಯುತ್ತಾಳೆ.

ನೀನು ಕೇಳಿದ್ದು ಒಂದೇ ಮಾತು. "ಶಾಂತಕ್ಕಾ, ನನ್ನ ಭಾಷೆ ಇನ್ನಷ್ಟು ಊರಿಗೆ ಮುಟ್ಟಬೇಕಾದರೆ ಏನು ಮಾಡಲಿ? ಪುಸ್ತಕ ಬರೆಯಲಾ? ವಿಡಿಯೊ ಮಾಡಲಾ? ಕಾಲೇಜುಗಳಿಗೆ ಹೋಗಿ ಕಲಿಸಲಾ?"

ಏನೂ ಮಾಡಬೇಡ ತಾಯಿ. ಅದು ಮುಟ್ಟಿದೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಎಲ್ಲ ಕಡೆ ಮುಟ್ಟಿದೆ. ಹೇಗೆ ಮುಟ್ಟಿತು ಅಂತ ಹೇಳಲಿಕ್ಕೇ ನನಗೆ ಇಷ್ಟು ದಿನ ಹಿಡಿಯಿತು.

ನೀನು ಅಬ್ಬಾನ ಮೋಟಾರು ರಿವೈಂಡಿಂಗ್ ಅಂಗಡಿಯ ಮೂಲೆಯಲ್ಲಿ ಕೂತು, ಬೋರಿನ ಸ್ಟಾರ್ಟರಿಗೆ ಸಿಮ್ ಹಾಕಿದ ಡಬ್ಬಿ ಕಟ್ಟಿದ್ದು ನನಗಿನ್ನೂ ಕಣ್ಣಮುಂದಿದೆ. ಆ ಡಬ್ಬಿಗೆ ರೈತನ ಮಾತು ತಿಳಿಯಲೆಂದು ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಮಾಡಿದೆ. ಮೊಬೈಲಿನಲ್ಲಿ "ಕರೆಂಟ್ ಬಂದ್ರ ಚಾಲೂ, ನೀರು ಖಾಲಿ ಆದ್ರ ಬಂದ್" ಎಂದು ಬರೆದು ಕಳಿಸಿದರೆ ಸಾಕು, ಮೋಟಾರು ಹಾಗೇ ನಡೆಯುತ್ತಿತ್ತು. ಚಾಲೂ, ಬಂದ್, ಖಾಲಿ, ತಡಿ: ಇಡೀ ಮನೆಯನ್ನು ದಾದಿ ಆಳುವುದೂ ಈ ನಾಲ್ಕು ಮಾತಿನಲ್ಲೇ ಎಂದು ಭಾಷೆಗೆ ಅವಳ ಹೆಸರನ್ನೇ ಇಟ್ಟೆ. ಖಾಜಾಬೀ. ಬರೆದದ್ದು ತಿಳಿಯದಿದ್ದರೆ ಅದು ತಪ್ಪು ಎನ್ನುತ್ತಿರಲಿಲ್ಲ. "ತಿಳೀಲಿಲ್ಲಪ್ಪಾ, ಇನ್ನೊಮ್ಮೆ ಹೇಳು" ಎನ್ನುತ್ತಿತ್ತು. ಹುಟ್ಟಿದಾಗಿನಿಂದ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ ತಪ್ಪು ತಪ್ಪು ಎಂದು ಬೈಸಿಕೊಂಡೇ ಬಂದ ಜನ ಅದಕ್ಕೆ ಮರುಳಾದರು.

ಮೊದಲು ಹಾಕಿಸಿದವನು ತೆಲಿಗಿಯ ಚೌಡಣ್ಣ. ನನ್ನ ಜೊತೆ ಹೋರಾಟದ ಮೆರವಣಿಗೆಗಳಲ್ಲಿ ಹಲಗೆ ಬಾರಿಸಿದವನು. ಚಾದಂಗಡಿಯಲ್ಲಿ ಕೂತು, "ನನ್ ಬೋರಿನ್ಯಾಗ ಖಾಜಾಬೀ ಅದಾಳಲೇ! ನಾ ಇಲ್ಲಿ ಚಾ ಕುಡೀತೀನಿ, ಆಕಿ ಅಲ್ಲಿ ನೀರು ಬಿಡ್ತಾಳ" ಎಂದು ಮೀಸೆ ತಿರುವುತ್ತಿದ್ದ. ಅಂಗಡಿಗೆ ಬಂದರೆ ಮುದುಕಿಯನ್ನು ರೇಗಿಸದೆ ಹೋದವನಲ್ಲ.

"ಏನಮಾ, ನಿನ್ನಿ ನನ್ ಮೋಟ್ರ ನಿಲ್ಲಿಸೇಬಿಟ್ಟೀ?"

"ನೀರಿಲ್ದ ಓಡಿಸ್ತಿಯೇನೋ ಮೂಳಾ? ನಾ ಇದ್ನಿ ಅಂತ ಉಳೀತು, ಇಲ್ಲಂದ್ರ ಸುಟ್ಟು ಬೂದಿ ಆಗ್ತಿತ್ತು!"

ಅಲ್ಲಿದ್ದವರೆಲ್ಲ ನಗುತ್ತಿದ್ದರು. ನಿನ್ನ ಭಾಷೆಯ ಪ್ರಚಾರ ಅಂದರೆ ಅದೇ. ಆ ನಗುವೇ ಬಾಗಳಿಯವರೆಗೆ ಹೋಯಿತು.

ನೀನು ರಾಯಚೂರಿಗೆ ಹೋದ ಮೇಲೆ, ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ, ಮೊಬೈಲುಗಳಲ್ಲಿ ಒಂದು ಹೊಲಸು ಓಡಾಡಿತು. "ನಮ್ಮ ಬೋರಿನ ಕೀಲಿ ಅವರ ಕೈಯಾಗ ಯಾಕ?" ಇಷ್ಟೇ. ಬರೆದವನು ಯಾರೋ, ಅವನಿಗೆ ಬೋರು ಇತ್ತೋ ಇಲ್ಲವೋ. ವಾರ ಕಳೆಯುವುದರೊಳಗೆ ಡಬ್ಬಿಗಳು ವಾಪಸ್ಸು ಬರತೊಡಗಿದವು. ಬಂದವರಲ್ಲಿ ಒಬ್ಬನೂ ಜಗಳವಾಡಲಿಲ್ಲ. "ಬ್ಯಾಡ ಬಿಡ್ರಿ ಸಾಬ್ರ, ಮನ್ಯಾಗ ಕಿರಿಕಿರಿ" ಎಂದು ಡಬ್ಬಿ ಇಟ್ಟು, ಕಣ್ಣು ತಪ್ಪಿಸಿ ಹೋದರು. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಇಷ್ಟು ಮೆತ್ತಗೆ ಕೊಲ್ಲುವವರನ್ನು ಹೇಗೆ ಎದುರಿಸುವುದು ಎಂದು ಯಾವ ಚಳವಳಿಯೂ ನನಗೆ ಕಲಿಸಲಿಲ್ಲ.

ಅದರ ಹಿಂದೆಯೇ ಬಂದವನು ಅರುಣ್ ಕುಮಾರ್, ಕೊಟ್ಟೂರಿನಲ್ಲಿ ಸ್ಪ್ರಿಂಕ್ಲರ್ ಪೈಪು ಮಾರುವವನು. ಯಾರು ಬೇಕಾದರೂ ತಗೊಳ್ಳಲಿ, ತಿದ್ದಲಿ ಎಂದು ನೀನೇ ನಿನ್ನ ಭಾಷೆಯನ್ನು ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದೆಯಲ್ಲ, ಅವನು ತಗೊಂಡ. ಗಂಗಾವಾಕ್ಯ ಎಂದು ಹೆಸರಿಟ್ಟ. ಚಾಲೂ ಹೋಗಿ ಆರಂಭ ಬಂತು, ಬಂದ್ ಹೋಗಿ ಸ್ಥಗಿತ ಬಂತು, ಖಾಲಿ ಹೋಗಿ ರಿಕ್ತ ಬಂತು. "ರಿಕ್ತ ಅಂದ್ರ ಯಾವೂರ ಹುಡುಗೀಲೇ?" ಎಂದು ಚೌಡಣ್ಣ ಕೇಳಿದನಂತೆ. ಕೇಳಿದ, ಆದರೂ ಖಾಜಾಬೀ ಡಬ್ಬಿ ಬಿಚ್ಚಿ ಇದನ್ನೇ ಹಾಕಿಸಿದ. ಮತ್ತೆ ಬೆರಳಿನ ರೂಢಿಯಂತೆ "ಖಾಲಿ ಆದ್ರ ಬಂದ್" ಎಂದೇ ಬರೆದು ಕಳಿಸಿದ. ಹೊಸ ಡಬ್ಬಿಗೆ ಅದು ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಲೂ ಇಲ್ಲ. ನೀರು ಮುಗಿದರೂ ಮೋಟಾರು ಓಡಿ ಓಡಿ ಸುಟ್ಟಿತು. ಸುಟ್ಟದ್ದನ್ನು ಗೋಣಿಚೀಲದಲ್ಲಿ ಸುತ್ತಿ, ಹಿಂದಿನ ಬಾಗಿಲಿನಿಂದ ನಿಮ್ಮ ಅಬ್ಬಾನ ಹತ್ತಿರವೇ ತಂದ. ಅವರು ಒಂದು ಮಾತು ಕೇಳದೆ ಹೊಸ ತಂತಿ ಸುತ್ತಿ ಕೊಟ್ಟರು.

ಸುಟ್ಟದ್ದು ಅವನದೊಂದೇ ಅಲ್ಲ. ಅರುಣ್ ಕುಮಾರ್ ಜಾಣ. ಸದ್ದಿಲ್ಲದೆ ನಿನ್ನ ಮಾತುಗಳನ್ನೆಲ್ಲ ವಾಪಸ್ಸು ತಂದ. ಚಾಲೂ ಬಂತು, ಬಂದ್ ಬಂತು, ಖಾಲಿ ಬಂತು. "ತಿಳೀಲಿಲ್ಲಪ್ಪಾ, ಇನ್ನೊಮ್ಮೆ ಹೇಳು" ಕೂಡ ಬಂತು. ಈಗ ಗಂಗಾವಾಕ್ಯವೆಂದರೆ ಅಕ್ಷರ ಅಕ್ಷರವೂ ನೀನೇ. ಹೆಸರು ಮಾತ್ರ ವಾಪಸ್ಸು ಬರಲಿಲ್ಲ.

ಕೊಟ್ಟೂರಿನ ಕಲ್ಯಾಣಮಂಟಪದಲ್ಲಿ ಅವನ ತರಬೇತಿ ನಡೆದಾಗ ಹೋಗಿ ಎದ್ದುನಿಂತೆ. "ಇದನ್ನು ಮಾಡಿದ ಹುಡುಗಿಯ ಹೆಸರು ಹೇಳಿ" ಎಂದೆ.

"ಅಕ್ಕಾರ, ಭಾಷಿ ಚಲೋ ಐತ್ರಿ, ಇಲ್ಲ ಅನ್ನಂಗಿಲ್ಲ" ಎಂದ ನಗುತ್ತಲೇ. "ಆ ಹೆಸರು ನಡಿಯಂಗಿಲ್ಲ. ಆಕೀದು ಊರ ತುಂಬ ಹೋಗ್ಬೇಕೋ, ಹೆಸರ ಉಳೀಬೇಕೋ, ನೀವ ಹೇಳ್ರಿ."

ಜನ ಚಪ್ಪಾಳೆ ತಟ್ಟಿದರು. ನಮ್ಮ ಹೋರಾಟದ ಹಾಡಿಗೆ ತಟ್ಟಿದ ಕೈಗಳೇ ಅವು ಮಗಳೇ. ಚೌಡಣ್ಣನೂ ಅಲ್ಲಿದ್ದ. ತಟ್ಟಲಿಲ್ಲ, ಏಳಲೂ ಇಲ್ಲ. ನೆಲ ನೋಡುತ್ತ ಕೂತಿದ್ದ.

ಬಂದು ಅಬ್ಬಾನಿಗೆ ಹೇಳಿದೆ. "ಹೆಸರು ಹೋದ್ರ ಹೋಗ್ಲಿ ಬಿಡ್ರಿ ಶಾಂತಕ್ಕಾ. ಹುಡುಗಿ ಮಾತು ಉಳೀತಲ್ಲ. ಆಕಿಗೆ ಬರೀಬ್ಯಾಡ್ರಿ" ಎಂದರು. ಅವರ ಮಾತು ಮೀರಿ ಬರೆಯುತ್ತಿದ್ದೇನೆ. ಈ ನೆಲದಲ್ಲಿ ಒಂದು ಭಾಷೆ ಹೇಗೆ ಜನಪ್ರಿಯವಾಗುತ್ತದೆ ಎಂದು ಕೇಳಿದ್ದೆಯಲ್ಲ, ಹೀಗೆ. ಹಡೆದವಳನ್ನು ಹೊಸ್ತಿಲಾಚೆ ನಿಲ್ಲಿಸಿ ಕೂಸನ್ನು ಮಾತ್ರ ಒಳಗೆ ಕರೆದುಕೊಳ್ಳುತ್ತಾರೆ. ಇದಕ್ಕೆ ಪುಸ್ತಕವೂ ಬೇಕಿಲ್ಲ, ವಿಡಿಯೊವೂ ಬೇಕಿಲ್ಲ. ನಾಳೆ ಎಲ್ಲ ಸರಿಹೋಗುತ್ತದೆ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಅಂಥ ಸಾಲುಗಳನ್ನು ಗೋಡೆಗಳ ಮೇಲೆ ಬೇಕಾದಷ್ಟು ಬರೆದಿದ್ದೇನೆ. ಗೋಡೆಗಳು ಸುಣ್ಣ ಬಳಿಸಿಕೊಂಡು ಬೆಳ್ಳಗೆ ನಿಂತಿವೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಕೆಲಸವಿರಲಿ, ಕಣ್ಣಿಗೆ ನಿದ್ದೆ ಬರಲಿ. ಇದಕ್ಕಿಂತ ದೊಡ್ಡ ಹರಕೆ ಹರಸುವ ಧೈರ್ಯ ನನ್ನಲ್ಲಿಲ್ಲ.

ನಿನ್ನ
ಶಾಂತಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದುಕೊಂಡದ್ದು. ದಾದಿಗೆ ಇದಾವುದನ್ನೂ ಯಾರೂ ಹೇಳಿಲ್ಲ. ಮೊನ್ನೆ ಸಂತೆಯ ದಿನ ಅಂಗಡಿ ಮುಂದೆ ನಾಲ್ಕಾರು ಜನ ನಿಂತಿದ್ದರು. ಚೌಡಣ್ಣ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ. ಮುದುಕಿ ಸ್ಟೂಲಿನಿಂದಲೇ ಕೂಗಿದಳು: "ಏ ಚೌಡ್ಯಾ! ನಿನ್ನಿ ನಿನ್ ಮೋಟ್ರ ನಾ ನಿಲ್ಲಿಸಿದ್ನೇನೋ?" ಅವನು ನಿಂತ. ಅಲ್ಲಿದ್ದವರ ಮುಖ ನೋಡಿದ. "ನೀ ಅಲ್ಲ ಬಿಡಮಾ, ಅದು ಬ್ಯಾರೆ" ಎಂದು ಹೊರಟೇಹೋದ. ಯಾರೂ ನಗಲಿಲ್ಲ. ದಾದಿ ನನ್ನ ಸೆರಗು ಹಿಡಿದು ಕೇಳಿದಳು: "ಶಾಂತಾ, ಈಗ್ ಯಾರೂ ನನ್ ಹೆಸರ ಹಿಡ್ದು ಕರಿಯಂಗಿಲ್ಲ. ನಾ ಯಾರ ಮೋಟ್ರ ಸುಟ್ಟೀನವ್ವಾ?"

ಸಾವಿರ ಜನರ ಮುಂದೆ ಮೈಕು ಹಿಡಿದವಳು ನಾನು. ಆ ಹೊತ್ತಿಗೆ ನಿನ್ನ ಭಾಷೆಯ ಮಾತೇ ಬಾಯಿಗೆ ಬಂತು. "ತಿಳೀಲಿಲ್ಲಮಾ, ಇನ್ನೊಮ್ಮೆ ಹೇಳು" ಎಂದೆ.

ಮುದುಕಿ ಇನ್ನೊಮ್ಮೆ ಕೇಳಿದಳು.