ದಮ್ಮಿನ ಮನೆತನ

ದೇವರಾಜ ಅರಸು ಬಡಾವಣೆ,
ದಾವಣಗೆರೆ
ಶನಿವಾರ, ೧೮ ಜನವರಿ ೨೦೨೫

ಪ್ರೀತಿಯ ಮಾವನವರಿಗೆ ಅನ್ನಪೂರ್ಣ ಮಾಡುವ ಶರಣು.

ಮೊದಲು ನಿಮ್ಮ ಆರೋಗ್ಯ. ಮಲಗಿದಾಗ ಉಸಿರು ಹೇಗಿದೆ? ಬೆಳಗಿನ ಜಾವ ಎದ್ದು ಕೂತುಕೊಳ್ಳಬೇಕಾಗುತ್ತದೆಯೇ? ಹರಿಹರದಲ್ಲಿ ಹೊಳೆಯ ಕಡೆಯಿಂದ ಮಂಜು ಬರುವ ದಿನಗಳಿವು, ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೀರಿ ತಾನೆ? ಫೋನ್ ಮಾಡಿದರೆ ಮಂಗಳಾ, "ಅಪ್ಪಾಜಿ ಆರಾಮ ಅದಾರೆ ಅತ್ತಿಗೆ, ಮಹಡಿ ರೂಮಿಂದ ಕೆಳಗೆ ಇಳಿಯಲ್ಲ ಅಷ್ಟೇ" ಎನ್ನುತ್ತಾಳೆ. ಇಳಿದರೆ ಮತ್ತೆ ಹತ್ತಬೇಕಲ್ಲ ಎಂಬ ಲೆಕ್ಕಾಚಾರ ಅದರ ಹಿಂದೆ ಇದೆಯೆಂದು ನನಗೆ ಗುಮಾನಿ. ದಾವಣಗೆರೆಯಿಂದ ಯಾರೇ ಬಂದರೂ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೀರಂತೆ. ನಿನ್ನೆ ನಿಮ್ಮ ಮಗ ಬಂದಾಗ ಬಾಗಿಲ ಹಿಂದಿನಿಂದಲೇ "ಪೂಜೆಗೆ ಕುಂತೀನೋ ವೀರೇಶಾ" ಎಂದಿರಂತೆ. ಮಧ್ಯಾಹ್ನ ಊಟವಾದ ಮೇಲೆ ಅದ್ಯಾವ ಪೂಜೆ ಮಾವ? ಫೋನಂತೂ ಎತ್ತುವುದೇ ಇಲ್ಲ. ಆದರೆ ಕಾಗದ ಕೈಗೆ ಬಂದರೆ ಪೂರ್ತಿ ಓದದೆ ಕೆಳಗಿಡುವವರಲ್ಲ ನೀವು. ಕರೆಂಟ್ ಬಿಲ್ಲನ್ನೂ ಹಿಂದೆ ಮುಂದೆ ತಿರುಗಿಸಿ ಓದುತ್ತೀರಿ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ನೀವು ಮನೆಗೆ ಬರಬೇಕು, ಉಸಿರಿಗೆಂದು ಡಾಕ್ಟರ್ ಕೊಟ್ಟ ಪಂಪನ್ನು, ಆ ಇನ್‌ಹೇಲರನ್ನು, ಬಾಯಿಗಿಟ್ಟು ಎಳೆದುಕೊಳ್ಳಬೇಕು. ಅದು ದೇವರಮನೆಯ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ನೀವು ಇಟ್ಟುಹೋದ ಹಾಗೇ ಕೂತಿದೆ. ನಾನು ದಿನಾ ದೀಪ ಹಚ್ಚುವಾಗ ಅದರ ಮೇಲೂ ಒಂದು ಹೂವು ಬಿದ್ದುಬಿಡುತ್ತದೆ. ಹೀಗೇ ಬಿಟ್ಟರೆ ಇನ್ನೊಂದು ತಿಂಗಳಲ್ಲಿ ಅದಕ್ಕೆ ಹರಕೆ ಹೊರುವವರೂ ಹುಟ್ಟಿಕೊಳ್ಳುತ್ತಾರೆ.

ಆವತ್ತು ನಡೆದದ್ದನ್ನು ನೀವು ಒಬ್ಬರೇ ಕೂತು ತಪ್ಪುತಪ್ಪಾಗಿ ನೆನೆಸಿಕೊಳ್ಳುತ್ತಿರಬಹುದು. ಆದ್ದರಿಂದ ಇದ್ದದ್ದು ಇದ್ದ ಹಾಗೆ ನಾನೇ ಬರೆಯುತ್ತೇನೆ. ನಿಮ್ಮ ಮೊಮ್ಮಗಳು ಕೃತಿಕಾಗೆ ಚಿಕ್ಕಂದಿನಿಂದ ಉಬ್ಬಸ ಇದೆಯೆಂದು ಆ ಉಬ್ಬಸದ ಸಂಶೋಧನೆಯ ಡಾಕ್ಟರುಗಳು ನಮ್ಮ ಮನೆಯನ್ನು ಆರಿಸಿಕೊಂಡರು. ಉಬ್ಬಸ, ಅಲರ್ಜಿ ಎಲ್ಲ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿದು ಬರುತ್ತವೆ, ಹೊಗೆ ದೂಳು ಅವನ್ನು ಹೇಗೆ ಎಬ್ಬಿಸುತ್ತವೆ ಎಂದು ನೋಡಲು ಅವರಿಗೆ ಅಜ್ಜ, ಮಗ, ಮೊಮ್ಮಗಳು ಒಂದೇ ಸೂರಿನ ಕೆಳಗೆ ಬೇಕಿತ್ತು. ಮೊದಲ ದಿನ ಬಂದವಳು ನಸೀಮಾ. ಉಡುಪಿ ಕಡೆಯ ಹುಡುಗಿ, ಕೆಲಸಕ್ಕೆ ಹೊಸಬಳು. ಇಲ್ಲಿಯ ಹಳಬರಿಗೆ ಆಸ್ತಮಾ ಅಂದರೆ ತಿಳಿಯುವುದಿಲ್ಲ, ದಮ್ಮು ಅಂತ ಕೇಳು ಎಂದು ಯಾರೋ ಅವಳಿಗೆ ಹೇಳಿಕೊಟ್ಟಿದ್ದರು. ಪಾಪ, ಅವಳು ಜಗಲಿಯಲ್ಲಿ ಕೂತು ತನ್ನ ಊರಿನ ಕನ್ನಡದಲ್ಲಿ ಮೆತ್ತಗೆ ಕೇಳಿದಳು: "ಅಜ್ಜಾ, ನಿಮ್ಮ ವಂಶದಲ್ಲಿ ದಮ್ಮು ಉಂಟಾ?"

ನೀವು ಮಂಡಕ್ಕಿ ತಟ್ಟೆಯನ್ನು ಪಕ್ಕಕ್ಕಿಟ್ಟು ನೆಟ್ಟಗೆ ಕೂತದ್ದು ನನಗೆ ಅಡಿಗೆಮನೆಯಿಂದ ಕಾಣುತ್ತಿತ್ತು. "ಏನವ್ವಾ ಹಂಗ ಕೇಳ್ತಿ? ನಮ್ಮ ವಂಶದಾಗೆ ದಮ್ಮಿಲ್ದೋನು ಇನ್ನೂ ಹುಟ್ಟಿಲ್ಲ!" ಅವಳು ಬರೆದುಕೊಂಡಳು. ನಿಮ್ಮ ತಂದೆಗೆ? "ಇಡೀ ಚೌಕಿಪೇಟೆಗೆ ಗೊತ್ತಿತ್ತು." ತಾಯಿಗೆ? "ನಮ್ಮವ್ವ ಮರುಳಸಿದ್ದಮ್ಮಗೆ ಅಪ್ಪಗಿಂತ ಒಂದು ಕೈ ಜಾಸ್ತಿ." ಯಾವಾಗ ಹೆಚ್ಚಾಗುತ್ತಿತ್ತು? "ಯಾರಾರ ಎದುರು ಮಾತಾಡಿದ್ರೆ ಸಾಕು, ಏರಿಬಿಡದು." ಮದ್ದು ಏನು ಮಾಡುತ್ತಿದ್ದರು? "ಇದಕ್ಕೆಲ್ಲಿ ಮದ್ದವ್ವಾ! ಇದು ರಕ್ತದಾಗೆ ಬರಬೇಕು, ಕೊಂಡ್ರೆ ಸಿಗಲ್ಲ." ರಕ್ತದ ಮಾತು ಬಂದದ್ದೇ ಹುಡುಗಿಯ ಕಣ್ಣು ಅಗಲವಾಯಿತು. ಹೊರಗಿನಿಂದ ಬಂದ ಸೊಸೆಯರಿಗೆ? ಎಂದು ಕೇಳಿದಳು. "ಬರೋವಾಗ ಇರಲ್ಲ, ನಮ್ಮನೆ ನೀರು ಕುಡುದ ಮ್ಯಾಲೆ ಬರ್ತೈತೆ. ಒಳಗೆ ನೋಡು ಈ ಎಂ.ಎ. ಮೇಡಂನ, ಬಂದಾಗ ಬೆಕ್ಕಿನಮರಿ ಇದ್ದಂಗಿದ್ಲು."

ನಸೀಮಾ ಅಡಿಗೆಮನೆಯ ಬಾಗಿಲಿಗೆ ಬಂದು, ಯಾರೋ ಸತ್ತ ಮನೆಯಲ್ಲಿ ಮಾತಾಡಿಸುವ ದನಿಯಲ್ಲಿ "ಅಕ್ಕಾ, ನಿಮಗೂ ಉಂಟಾ?" ಎಂದಳು. ನಾನು ಒಗ್ಗರಣೆಯ ಮುಂದೆ ನಿಂತಿದ್ದೆ. ಮದುವೆಯಾಗಿ ಬಂದ ಲಾಗಾಯ್ತು ನಿಮ್ಮ ಬಾಯಿಂದ ನನ್ನ ಬಗ್ಗೆ ಬಂದ ಮೊದಲನೆಯ ಹೊಗಳಿಕೆ ಅದು. ಬಿಟ್ಟುಕೊಡುವುದು ಹೇಗೆ? "ಹೂಂ, ಸ್ವಲ್ಪ ಇದೆ" ಎಂದುಬಿಟ್ಟೆ. ಒಗ್ಗರಣೆಯ ಘಾಟಿಗೆ ಅದೇ ಕ್ಷಣ ಕೆಮ್ಮೂ ಬಂತು. ಅವಳಿಗೆ ಇನ್ನೇನು ಸಾಕ್ಷಿ ಬೇಕು?

ಮುಂದಿನ ವಾರ ದೊಡ್ಡ ಡಾಕ್ಟರೇ ಬಂದರು. ಕೈಯಲ್ಲಿ ನಮ್ಮ ವಂಶವೃಕ್ಷ. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು, ರೋಗ ಇದ್ದವರಿಗೆ ಕಪ್ಪು ಬಣ್ಣ. ಇಡೀ ಹಾಳೆ ಇದ್ದಿಲ ಚೀಲ ಸುರಿದಂತಿತ್ತು. ಮನೆಗೆ ಬಂದ ಸೊಸೆಯರಿಗೂ ಹತ್ತಿದೆ ಎಂದರೆ ಇಲ್ಲಿಯ ಗಾಳಿಯಲ್ಲೇ ಏನೋ ಇರಬೇಕೆಂದು ಅವರು ನಮ್ಮ ಗೋಡೆ ಸೂರುಗಳನ್ನು ಗುಡಿಯ ಕಂಬ ನೋಡುವ ಹಾಗೆ ನೋಡಿದರು. ಆಮೇಲೆ ಫ್ರಿಜ್ಜಿನ ಹಿಂದೆ ಬಗ್ಗಿ ಅಲ್ಲಿಯ ದೂಳನ್ನು ಒಂದು ಶೀಶೆಗೆ ತುಂಬಿಕೊಂಡರು. ಮಾವ, ನನಗಾದ ಅವಮಾನ ನಿಮಗೆ ಗೊತ್ತಾಗಲಿಲ್ಲ. ಆ ದೂಳು ದಸರೆಯದು. ಕಡೆಗೆ ಅವರು, ನಿಮ್ಮ ಅಜ್ಜನಿಗೆ ಉಬ್ಬಸ ಯಾವ ವಯಸ್ಸಿಗೆ ಶುರುವಾಯಿತು ಎಂದು ಕೇಳಿದಾಗಲೇ ನಿಮಗೆ ಸಿಟ್ಟು ಬಂದದ್ದು. "ಉಬ್ಬಸಾನ? ಯಾರಿಗ್ರೀ ಉಬ್ಬಸ? ನೆಲ್ಲಿನ ಚೀಲ ಹೆಗಲ ಮ್ಯಾಲೆ ಹಾಕ್ಕೊಂಡು ಹೊಳೆ ದಾಟೋನ್ರೀ ನಮ್ಮಜ್ಜ! ದಮ್ಮು ಅಂದ್ರೆ ಧೈರ್ಯ ಅಲ್ಲೇನ್ರೀ?" ನಸೀಮಾ ಸೆರಗಿಲ್ಲದಿದ್ದಕ್ಕೆ ಫೈಲಿನಲ್ಲಿ ಮುಖ ಮುಚ್ಚಿಕೊಂಡಳು. ಮೊದಲು ನಕ್ಕವರು ಡಾಕ್ಟರೇ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು. ತೊಡೆ ತಟ್ಟಿಕೊಂಡು ನಗುತ್ತಾ ನಗುತ್ತಾ ನಿಮ್ಮ ಎದೆಯಿಂದ ಹಳೇ ಹಾರ್ಮೋನಿಯಂ ತಿದಿಯ ಹಾಗೆ ಕುಯ್ಯೆಂಬ ಸದ್ದು ಬಂತು. ಡಾಕ್ಟರ ನಗು ಅಲ್ಲೇ ನಿಂತಿತು.

ನಿಮ್ಮ ಎದೆಗೆ ಕೊಳವೆ ಇಟ್ಟು ನೋಡಿದರು, ಯಂತ್ರದೊಳಗೆ ಊದಿಸಿದರು, ಮತ್ತೆ ಊದಿಸಿದರು. ನಾವು ಇಷ್ಟು ವರ್ಷ "ಕಫ", "ಚಳಿಗಾಲದ ನೆಗಡಿ", "ಮಂಡಕ್ಕಿ ಭಟ್ಟಿ ಹೊಗೆ ಕುಡುದಿದ್ದು" ಎಂದುಕೊಂಡು ಬಂದದ್ದು ಉಬ್ಬಸವೇ ಎಂದರು. ಹಾಳೆಯ ಕಪ್ಪನ್ನೆಲ್ಲ ಒರೆಸಿ ಎರಡೇ ಉಳಿಸಿದರು: ಕೃತಿಕಾಳ ದುಂಡು, ನಿಮ್ಮ ಚೌಕ. ಎರಡರ ನಡುವೆ ಬೆರಳಾಡಿಸುತ್ತ, ಇದು ನಿಮ್ಮ ಕಡೆಯಿಂದ ಬಂದಿರಬಹುದು ಎಂದರು. ಅವರು ಕೊಟ್ಟ ಪಂಪನ್ನು ನೀವು ಒಯ್ದು ದೇವರಮನೆಯ ಗೂಡಿನಲ್ಲಿಟ್ಟಿರಿ. ಸಂಕ್ರಾಂತಿಯ ಮರುದಿನ ಕೈಚೀಲ ಹಿಡಿದು, ಮಂಗಳಾನ್ನ ನೋಡಬೇಕು ಅನ್ನಿಸ್ತು ಎಂದು ಹೊರಟುಬಿಟ್ಟಿರಿ.

ಪಂಪಿಗೆ ನಾಚಿಕೊಂಡಿರಿ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಮೊನ್ನೆ ನಿಮ್ಮ ಗೆಳೆಯ ರಿಯಾಜಣ್ಣ ಬಂದಿದ್ದರು. ಭಟ್ಟಿ ನಡೆಸುತ್ತಿದ್ದ ಕಾಲದಿಂದ ಪಂಪು ಇಟ್ಟುಕೊಂಡಿರುವ ಮನುಷ್ಯ, ನಮ್ಮ ಜಗಲಿಯ ಮೇಲೇ ಜೇಬಿನಿಂದ ತೆಗೆದು ಎಳೆದುಕೊಂಡು "ಇದಕ್ಕೇನು ಶರಮ್ ತಂಗೀ, ಗಾಳಿ ಹೋದ ಸೈಕಲ್ಲಿಗೆ ಗಾಳಿ ಹೊಡಿಯಲ್ವಾ?" ಎಂದರು. ನಿಮ್ಮನ್ನು ಬಸ್ ಹತ್ತಿಸಿದವರು ಅವರೇ ಅಂತ ಆಗಲೇ ಗೊತ್ತಾದದ್ದು. ನೀವು ಕಿಟಕಿಯಿಂದ ಹೇಳಿದ್ದನ್ನು ಅವರು ನನಗೆ ಹೇಳಿಬಿಟ್ಟರು, ಅವರ ಮೇಲೆ ಸಿಟ್ಟಾಗಬೇಡಿ: "ಮೊಮ್ಮಗಳಿಗೆ ಆಸ್ತಿ ಕೊಡಬೇಕು ಅಂತಿದ್ದೆ ರಿಯಾಜೂ, ಆಸ್ತಮಾ ಕೊಟ್ಟೆ. ಅವಳ ಮುಂದೆ ಹೆಂಗ ಕುಂತು ಉಣ್ಣಲೋ?"

ಮಾವ, ಅದನ್ನು ಕೇಳಿದ ಮೇಲೆ ನಾನೇ ಡಾಕ್ಟರ ಬಳಿಗೆ ಹೋಗಿ ಕೂತೆ. ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಉಬ್ಬಸವೆನ್ನುವುದು ಒಬ್ಬರು ಇನ್ನೊಬ್ಬರಿಗೆ ಗಂಟು ಕಟ್ಟಿ ಕೊಡುವ ವಸ್ತುವಲ್ಲವಂತೆ. ಅದಕ್ಕೆ ಒಂದಲ್ಲ, ಹತ್ತಾರು ಜೀನುಗಳು ಸೇರಬೇಕು, ಅವು ತಂದೆ ತಾಯಿ ಎರಡೂ ಕಡೆಯಿಂದ ಬರಬಹುದು. ನನ್ನ ತವರು ಹದಡಿಯಲ್ಲಿ ನಮ್ಮವ್ವ ಬೆಳಗಾದರೆ ಸೀನಲು ಶುರುಮಾಡಿದರೆ ಪಕ್ಕದ ಮನೆಯವರು ಏಳುತ್ತಿದ್ದರು, ನಮ್ಮ ಸೋದರತ್ತೆ ಮೊಣಕೈ ಕೆರೆದುಕೊಳ್ಳುತ್ತಲೇ ಮುದುಕಿಯಾದಳು. ಡಾಕ್ಟರ ಲೆಕ್ಕದಲ್ಲಿ ಇವೆಲ್ಲ ಒಂದೇ ಬಳಗ. ಅಂದರೆ ಬೀಗರ ಪಾಲೂ ಇದೆ. ಎಲ್ಲ ಹಿರಿಮೆಯನ್ನೂ ನೀವೊಬ್ಬರೇ ಹೊಡೆದುಕೊಂಡರೆ ನಮ್ಮ ಕಡೆಯವರು ಸುಮ್ಮನಿರುತ್ತಾರೆಯೇ?

ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ನಾನು ಕವನದ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತೇನಲ್ಲ, ಇಲ್ಲಿ ನಿಲ್ಲು, ಇದನ್ನು ಜೋರಾಗಿ ಓದು ಎಂದು. ನೀವು "ಪುಸ್ತಕ ಹಾಳು ಮಾಡ್ತಿ ಕಣವ್ವಾ" ಎನ್ನುತ್ತೀರಲ್ಲ, ಅಂಥದ್ದೇ ಸಂಗತಿ ನಮ್ಮೊಳಗೂ ಇದೆಯಂತೆ. ಜೀನಿನ ಅಕ್ಷರ ಅಳಿಯುವುದಿಲ್ಲ, ತಿದ್ದಿಹೋಗುವುದಿಲ್ಲ. ಆದರೆ ಹೊಗೆ, ದೂಳು, ಉಂಡ ಅನ್ನ ಇವೆಲ್ಲ ಅದರ ಪಕ್ಕದಲ್ಲಿ ಗುರುತು ಹಾಕುತ್ತಾ ಹೋಗುತ್ತವೆ. ಯಾವ ಸಾಲು ಜೋರಾಗಬೇಕು, ಯಾವುದು ಸುಮ್ಮನಿರಬೇಕು ಎಂಬುದು ಆ ಗುರುತಿನ ಮೇಲೆ. ಭಟ್ಟಿಯ ಹೊಗೆ ನಿಮ್ಮ ಪುಸ್ತಕದಲ್ಲಿ ಬೇಕಾದಷ್ಟು ಗೀಚಿರಬಹುದು. ಅದು ಮೊಮ್ಮಗಳ ಪುಸ್ತಕಕ್ಕೂ ಇಳಿಯುತ್ತದೆಯೇ ಎಂದು ಕೇಳಿದೆ. ಡಾಕ್ಟರು, ಇಳಿಯುತ್ತದೆ ಎಂದೂ ಹೇಳಲಾರೆ, ಇಲ್ಲ ಎಂದೂ ಹೇಳಲಾರೆ, ತಿಳಿಯಲಿಕ್ಕೇ ಇಷ್ಟು ಮನೆಗಳ ಬಾಗಿಲು ತಟ್ಟುತ್ತಿರುವುದು ಎಂದರು. ಅಷ್ಟು ಓದಿದವರೇ ಗೊತ್ತಿಲ್ಲ ಎಂದದ್ದನ್ನು ನೀವು ಬಸ್ ನಿಲ್ದಾಣದಲ್ಲಿ ತೀರ್ಮಾನ ಮಾಡಿಬಿಟ್ಟಿರಿ. ಒಂದಂತೂ ನಿಶ್ಚಯ ಎಂದರು: ಪಂಪು ಎಳೆದರೆ ಚಟ ಹತ್ತುವುದಿಲ್ಲ, ಬಿಟ್ಟರೆ ಮಾತ್ರ ಅಪಾಯ. ಬೆಳಿಗ್ಗೆ ಸಂಜೆ ಎಳೆದುಕೊಂಡು ಬಾಯಿ ಮುಕ್ಕಳಿಸಿದರೆ ಮಹಡಿಯ ಮೆಟ್ಟಿಲು ನಿಮಗೆ ಲೆಕ್ಕಕ್ಕೇ ಇರುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಸಂಜೆ ಜಗಲಿಯಲ್ಲಿ ನೀವಿಲ್ಲದೆ ಸೊಪ್ಪಿನವಳ ಜೊತೆ ಜಗಳವಾಡುವವರಿಲ್ಲ, ಅವಳಿಗೂ ಬೇಜಾರಾಗಿ ಕಟ್ಟು ದಪ್ಪ ಕೊಡುತ್ತಿದ್ದಾಳೆ. ಮಂಗಳಾಗೂ ಅವಳ ಯಜಮಾನರಿಗೂ ನನ್ನ ನೆನಪು ತಿಳಿಸಿ. ಚಳಿ ನಿಮ್ಮನ್ನು ಬೇಗ ಬಿಡಲಿ, ಹಟ ಅದಕ್ಕೂ ಮೊದಲು ಬಿಡಲಿ.

ನಿಮ್ಮ ಸೊಸೆ,
ಅನ್ನಪೂರ್ಣ

ತಾ.ಕ.: ಮಾವ, ಇದನ್ನು ಅಂಚೆಗೆ ಹಾಕಬೇಕೆಂದಿದ್ದೆ. ಅಷ್ಟರಲ್ಲಿ ಕೃತಿಕಾ ಕಿತ್ತುಕೊಂಡು ಓದಿಬಿಟ್ಟಳು. ನೀವು ಯಾಕೆ ಹೋದಿರೆಂದು ಅವಳಿಗೆ ಈಗ ಗೊತ್ತು. ಓದಿದವಳೇ, "ಅಜ್ಜ ನನ್ನ ಮುಂದೆ ಕೂತು ಉಣ್ಣೋಕೆ ನಾಚ್ತಾರಾ? ಹಂಗಾದ್ರೆ ನಾನೇ ಹೋಗಿ ಕೂತ್ಕೋತೀನಿ" ಎಂದಳು. ನಾಳೆ ಬೆಳಗಿನ ಮೊದಲ ಬಸ್ಸಿಗೆ ಹರಿಹರಕ್ಕೆ ಹೊರಡುತ್ತಾಳೆ. ಈ ಕಾಗದ ನಿಮಗೆ ಬಾಗಿಲ ಸಂದಿಯಿಂದ ಬಂದಿದ್ದರೆ, ತಳ್ಳಿದವಳು ಅವಳೇ, ಇನ್ನೂ ಹೊರಗೇ ನಿಂತಿದ್ದಾಳೆ. ನಿಮ್ಮದು, ತನ್ನದು, ಎರಡು ಪಂಪೂ ಅವಳ ಚೀಲದಲ್ಲಿವೆ. ಬೆಳಗಿನದನ್ನು ತಾನು ಅಜ್ಜನ ಜೊತೆಗೇ ಎಳೆಯುವುದು, ಅಲ್ಲಿಯವರೆಗೆ ಮುಟ್ಟುವುದಿಲ್ಲ ಎಂದಿದ್ದಾಳೆ. ಬೈದೆ, ಕೇಳಲಿಲ್ಲ. ಮಂಜಿನಲ್ಲಿ ಬಂದು ಮೆಟ್ಟಿಲು ಹತ್ತಿದ್ದಾಳೆ. ಕಿವಿಗೊಡಿ, ಬಾಗಿಲಾಚೆ ಅವಳ ಉಸಿರು ಕೇಳಿಸೀತು. ಕಾಗದವನ್ನು ಆಮೇಲೆ ಮತ್ತೊಮ್ಮೆ ಓದಿಕೊಂಡರಾಯಿತು, ಮೊದಲು ಚಿಲಕ ತೆಗೆಯಿರಿ.