ಲೆನ್ಸಿಗೆ ಅಡ್ಡ ಹಿಡಿದ ಕೈ

ಬೀರೂರು, ೧೯೮೪

ಹೊನ್ನಯ್ಯ,

ನೀನು ಹೋಗಿ ಎಂಟು ವರ್ಷವಾಯಿತು. ಈ ಕಾಗದದ ಮೇಲೆ ಯಾವ ವಿಳಾಸ ಬರೆಯಲಿ? ಆದರೂ ಇವತ್ತು ಮಧ್ಯಾಹ್ನ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಬೆಂಗಳೂರಿನವರು ಒಂದು ಸಾಕ್ಷ್ಯಚಿತ್ರ ತಂದಿದ್ದರು. ಟೆಂಟ್ ಸಿನಿಮಾದ ಆಪರೇಟರ್ ಅಂತ ಪ್ರೊಜೆಕ್ಟರ್ ನಡೆಸಲು ನನ್ನನ್ನೇ ಕರೆದರು. ಊರಿನ ಸಭಾಭವನದ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದೆವು. ಚಿತ್ರದಲ್ಲಿ ಒಂದು ದನಿ ಹೇಳುತ್ತಿತ್ತು: ಯಾರನ್ನೂ ಮನಸ್ಸಿಗೆ ಬಂದಂತೆ ಹಿಡಿದಿಡಬಾರದೆಂದು ದೇಶದೇಶಗಳು ಸೇರಿ ಒಪ್ಪಂದ ಮಾಡಿಕೊಂಡಿವೆಯಂತೆ. ನಮ್ಮ ದೇಶವೂ ಒಪ್ಪಿದೆಯಂತೆ! ನಾನು ರೀಲಿನ ಮೇಲೆ ಕಣ್ಣಿಟ್ಟು ಕೇಳುತ್ತಿದ್ದೆ. ಆಮೇಲೆ ಪರದೆಯ ಮೇಲೆ ನಿನ್ನ ಅವ್ವ ಬಂದಳು.

"ಎಮರ್ಜೆನ್ಸೀಲಿ ನನ್ ಮಗನ್ನ ಪೊಲೀಸ್ ಜೀಪಿಗೆ ಹತ್ತಿಸ್ಕೊಂಡು ಹೋದ್ರು. ಹೋದವನು ಬರ್ಲೇ ಇಲ್ಲ. ಪಕ್ಕದಲ್ಲೇ ಅವನ ಸ್ನೇಹಿತ ನಿಂತಿದ್ದ. ವಿಚಾರಣೇಲಿ ಕೇಳಿದ್ರೆ, ನಾನೇನೂ ನೋಡ್ಲಿಲ್ಲ ಅಂದ್ಬಿಟ್ಟ..."

ಟೆಂಟಿನಲ್ಲಿ ಹೆಂಗಸರು ಮುಜುಗರಪಡುವ ದೃಶ್ಯ ಬಂದರೆ ಲೆನ್ಸಿಗೆ ಅಂಗೈ ಅಡ್ಡ ಹಿಡಿಯುವುದು ನನ್ನ ಅಭ್ಯಾಸ. ಇವತ್ತೂ ಕೈ ತಾನಾಗಿಯೇ ಹೋಯಿತು. ಪರದೆ ಕಪ್ಪಾಯಿತು, ಅವಳ ದನಿ ಮಾತ್ರ ನಿಲ್ಲಲಿಲ್ಲ. ಅವಳ ಮುಖದ ಬೆಳಕೆಲ್ಲ ನನ್ನ ಅಂಗೈ ಮೇಲೆ ಬಿಸಿಯಾಗಿ ಅಲುಗಾಡುತ್ತಿತ್ತು.

"ಲೇ, ಬಲ್ಬು ಹೋಯ್ತೇನೋ?" ಎಂದು ಯಾರೋ ಕೂಗಿದರು.

"ಹ್ಞೂಂ, ಬಲ್ಬು," ಎಂದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ನಿನ್ನ ಅವ್ವ ಎದ್ದಳು. ಕತ್ತಲಲ್ಲಿ ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದು ನಿಂತಳು.

"ಕೈ ತೆಗಿ ಕಣಪ್ಪಾ," ಅಂದಳು ಮೆಲ್ಲಗೆ. "ನಿನ್ ಹೆಸರು ನಾನೆಲ್ಲೂ ಹೇಳಿಲ್ಲ."